ತಳಿ ಕೇಳುವ ಮೊದಲು ಮೇವು ಕೇಳಿ



ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬೆಂಗಳೂರಿನಿಂದ ದೂರವಾಣಿ ಮಾಡಿದ್ದ. ಕಂಪ್ಯೂಟರ್ ಕಂಪನಿಯ ಕೆಲಸಕ್ಕೆ ರಾಜೀನಾಮೆ ಕೊಟ್ಟು, ಊರಿಗೆ ಮರಳಿ, ಹತ್ತು ಹಸುಗಳನ್ನು ಕಟ್ಟಿ ಹೈನುಗಾರಿಕೆ ಆರಂಭಿಸಬೇಕೆಂಬುದು ಅವನ ಸಂಕಲ್ಪ. “ಸಾರ್, ನೀವು ವಿಜ್ಞಾನದ ಮೇಷ್ಟ್ರು. ಎಚ್.ಎಫ್. ತರಲೋ, ಜೆರ್ಸಿ ತರಲೋ, ಗಿರ್ ತರಲೋ, ನೀವೇ ಹೇಳಿ” ಎಂದು ಕೇಳಿದ. ಅದೇ ವಾರ ಮದುವೆಯೊಂದರ ಊಟದ ಪಂಕ್ತಿಯಲ್ಲಿ ನಮ್ಮ ಬಂಧುಗಳಿಬ್ಬರ ನಡುವೆ ಇದೇ ವಿಷಯಕ್ಕೆ ವಾಗ್ವಾದವಾಯಿತು. ಒಬ್ಬರ ಮತದಂತೆ ನಾಟಿ ಹಸುವಿನ ಹಾಲನ್ನು ಬಿಟ್ಟು ಉಳಿದುದೆಲ್ಲ ವಿಷ. ಇನ್ನೊಬ್ಬರ ಮತದಂತೆ ನಾಟಿ ಹಸು ಸಾಕುವವನಿಗೆ ಲೆಕ್ಕ ಬಾರದು. ನಾನು ಪಾಯಸ ಮುಗಿಸಿ ಸುಮ್ಮನೆ ಎದ್ದುಬಂದೆ. ಆದರೆ ಈ ಮೂವರೂ ಕೇಳದೆ ಬಿಟ್ಟ ಪ್ರಶ್ನೆಯೊಂದು ನನ್ನ ಮನಸ್ಸಿನಲ್ಲಿ ಉಳಿಯಿತು. ನಲವತ್ತು ವರ್ಷಗಳ ಹಿಂದೆ ನನ್ನ ತಂದೆಯವರು ಆ ಪ್ರಶ್ನೆಯನ್ನು ಕೇಳಿದ್ದರು. ಆಗ ನಾನು ನಕ್ಕಿದ್ದೆ. ಅದನ್ನೇ ಇಂದು ಬರೆಯುತ್ತಿದ್ದೇನೆ.

1983ರ ಮಾತು. ನಾನು ಆಗತಾನೇ ಉಪಾಧ್ಯಾಯನಾಗಿ ಸೇರಿದ್ದೆ. ನಮ್ಮದು ತುಮಕೂರು ಜಿಲ್ಲೆಯ ಬಯಲುಸೀಮೆಯ ಊರು. ರಾಗಿ, ಹುರುಳಿ ಬಿಟ್ಟರೆ ಹೆಚ್ಚಿನದೇನನ್ನೂ ಕಾಣದ ಖುಷ್ಕಿ ಜಮೀನು. ಮನೆಯಲ್ಲಿ ಒಂದು ಹಳ್ಳಿಕಾರ್ ಹಸುವಿದ್ದಿತು. ಅದು ಕೊಡುತ್ತಿದ್ದ ಹಾಲು ಮನೆಯ ಮಕ್ಕಳಿಗೆ ಸಾಕಾಗುತ್ತಿತ್ತೇ ಹೊರತು ಮಾರುವಷ್ಟಿರಲಿಲ್ಲ. ನಾನಾದರೋ ಹತ್ತನೆಯ ತರಗತಿಗೆ ಮೆಂಡೆಲನ ಬಟಾಣಿ ಗಿಡಗಳ ಪಾಠ ಹೇಳಿ, ತಳಿಯೊಂದಿದ್ದರೆ ಎಲ್ಲವೂ ಆದೀತೆಂದು ನಂಬಿದ್ದವನು. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎಂಬ ಗಾದೆಯನ್ನೂ ಸಾಕ್ಷಿಗೆ ಎಳೆದುತಂದು, ಹಳೆಯ ಹಸುವನ್ನು ಮಾರಿಸಿ, ಸಾಲ ಮಾಡಿಸಿ, ಮಿಶ್ರತಳಿಯ ಹಸುವೊಂದನ್ನು ತರಿಸಿದೆ. ಕೊಟ್ಟಿಗೆಯ ದುರಸ್ತಿಗೆಂದು ತಾಯಿಯವರ ಎರಡೆಳೆ ಸರವೂ ಗಿರವಿಗೆ ಹೋಯಿತು. ಹೊಸ ಹಸುವನ್ನು ಸುತ್ತುಹಾಕಿ ನೋಡಿದ ತಂದೆಯವರು, “ಹಸುವೇನೋ ಲಕ್ಷಣವಾಗಿದೆ. ಇದರ ಹೊಟ್ಟೆಗೆ ಹಾಕಲು ನಮ್ಮಲ್ಲಿ ಏನಿದೆ?” ಎಂದು ಕೇಳಿದರು.

ಮೊದಲ ತಿಂಗಳು ಅದು ದಿನಕ್ಕೆ 9 ಲೀಟರ್ ಹಾಲು ಕೊಟ್ಟಿತು. ನೆರೆಹೊರೆಯವರು ನೋಡಲು ಬಂದರು. ಬೇಸಗೆ ಬಂದಾಗ ಹಸಿರು ಮುಗಿಯಿತು, ಹಿಂಡಿಗೆ ಹಣವಿರಲಿಲ್ಲ, ಉಳಿದುದು ರಾಗಿಹುಲ್ಲಿನ ಬಣವೆ ಮಾತ್ರ. 1985ರ ಬರದ ಹೊತ್ತಿಗೆ ಹಾಲು 2 ಲೀಟರಿಗೆ ಇಳಿದು, ಪಕ್ಕೆಲುಬುಗಳು ಎಣಿಕೆಗೆ ಸಿಕ್ಕವು. ಮೂರು ಸಲ ಇಂಜೆಕ್ಷನ್ ಮಾಡಿಸಿದರೂ ಗಬ್ಬ ನಿಲ್ಲಲಿಲ್ಲ. ಕೊನೆಗೆ ದಲ್ಲಾಳಿಯೊಬ್ಬನಿಗೆ ಕೊಂಡ ಬೆಲೆಯ ಐದನೆಯ ಒಂದು ಪಾಲಿಗೆ ಕೊಟ್ಟೆವು. ತಾಯಿಯವರ ಸರ ಮನೆಗೆ ಮರಳಲೇ ಇಲ್ಲ. ತಂದೆಯವರು ಒಂದು ದಿನವೂ ನನ್ನನ್ನು ದೂರಲಿಲ್ಲ. ದೂರಿದ್ದರೆ ಮನಸ್ಸು ಹಗುರವಾಗುತ್ತಿತ್ತೋ ಏನೋ.

ಮೆಂಡೆಲ್ ತಪ್ಪು ಹೇಳಿರಲಿಲ್ಲ. ನಾನು ಅರ್ಧ ಮಾತ್ರ ಓದಿದ್ದೆ. ಬಟಾಣಿ ಹೂವಿನ ಬಣ್ಣದಂತೆ ಹಾಲಿನ ಪ್ರಮಾಣವನ್ನು ಒಂದು ಜೋಡಿ ವಂಶವಾಹಿಗಳು ನಿರ್ಧರಿಸುವುದಿಲ್ಲ. ಅದರ ಹಿಂದೆ ಅಸಂಖ್ಯ ವಂಶವಾಹಿಗಳಿವೆ. ಅಷ್ಟೇ ಅಲ್ಲ, ಒಂದೇ ತಳಿಯ ಹಿಂಡಿನಲ್ಲಿ ಹಸುವಿನಿಂದ ಹಸುವಿಗೆ ಕಾಣುವ ಹಾಲಿನ ವ್ಯತ್ಯಾಸದಲ್ಲಿ ನೂರಕ್ಕೆ ಸುಮಾರು 25ರಿಂದ 30 ಪಾಲು ಮಾತ್ರ ಅನುವಂಶೀಯವಾದುದೆಂದು ತಳಿಶಾಸ್ತ್ರಜ್ಞರ ಲೆಕ್ಕ. ಮಿಕ್ಕುದರಲ್ಲಿ ಬಹುಭಾಗ ಮೇವು, ನೀರು, ಸೆಕೆ, ರೋಗ, ಆರೈಕೆಗಳದು. ಉತ್ತಮ ತಳಿಯೆಂದರೆ ಹೆಚ್ಚು ಹಾಲು ಕೊಡಬಲ್ಲ ಹಸುವೆಂದು ಅರ್ಥವೇ ಹೊರತು, ಏನು ಹಾಕಿದರೂ ಕೊಡುವ ಹಸುವೆಂದಲ್ಲ.

ಮೇವಿನ ಲೆಕ್ಕವನ್ನೂ ನೋಡಿ. 400 ಕಿಲೋ ತೂಗುವ ಕರೆಯುವ ಹಸುವಿಗೆ ದಿನವೊಂದಕ್ಕೆ ನೀರಿನಂಶ ಕಳೆದು 10ರಿಂದ 12 ಕಿಲೋ ಆಹಾರ ಬೇಕು. ಹಸು ಹುಲ್ಲನ್ನು ತಾನೇ ಜೀರ್ಣಿಸಿಕೊಳ್ಳುವುದಿಲ್ಲ. ಅದರ ಮೊದಲ ಹೊಟ್ಟೆಯಲ್ಲಿರುವ ಕೋಟ್ಯನುಕೋಟಿ ಸೂಕ್ಷ್ಮಜೀವಿಗಳು ಹುಲ್ಲನ್ನು ಒಡೆದು ಕೊಡುತ್ತವೆ. ಆ ಜೀವಿಗಳು ಚೆನ್ನಾಗಿ ಕೆಲಸ ಮಾಡಬೇಕಾದರೆ ಮೇವಿನಲ್ಲಿ ನೂರಕ್ಕೆ ಸುಮಾರು 7 ಪಾಲಾದರೂ ಪ್ರೋಟೀನು ಇರಬೇಕು. ರಾಗಿಹುಲ್ಲಿನಲ್ಲಿರುವುದು ಅದರ ಅರ್ಧದಷ್ಟು. ಎಂದರೆ ನಮ್ಮ ಹಸು ಹೊಟ್ಟೆ ತುಂಬ ತಿಂದೂ ಉಪವಾಸವಿದ್ದಿತು! ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವೆಂಬ ಗಾದೆಯನ್ನು ನಾನು ಕೊಟ್ಟಿಗೆಯಲ್ಲಿಯೇ ಕಂಡೆ.

ಹೀಗೆಂದ ಮಾತ್ರಕ್ಕೆ ತಳಿ ಸಂಶೋಧನೆ ವ್ಯರ್ಥವೆಂದು ನಾನು ಹೇಳುತ್ತಿಲ್ಲ. ಅದರಲ್ಲಿ ನಮ್ಮ ನಾಡಿಗೆ ಅಭಿಮಾನಪಡುವ ಪಾಲಿದೆ. ಭಾರತದಲ್ಲಿ ಕೃತಕ ಗರ್ಭಧಾರಣೆಯನ್ನು ಮೊದಲು ನಡೆಸಿದುದು 1939ರಲ್ಲಿ, ಮೈಸೂರಿನ ಅರಮನೆಯ ಡೈರಿಯಲ್ಲಿ; ನಡೆಸಿದವರು ಡಾ. ಸಂಪತ್ ಕುಮಾರನ್, ಹಸುಗಳು ನಮ್ಮ ಹಳ್ಳಿಕಾರ್. ಮುಂದೆ ಹೆಸರಘಟ್ಟದಲ್ಲಿ ಡೆನ್ಮಾರ್ಕ್ ದೇಶದ ನೆರವಿನಿಂದ ಘನೀಕೃತ ವೀರ್ಯದ ಕೇಂದ್ರ ಬೆಳೆಯಿತು. ಇಂದು ಭಾರತ ಜಗತ್ತಿನಲ್ಲಿಯೇ ಅತಿ ಹೆಚ್ಚು ಹಾಲು ಉತ್ಪಾದಿಸುವ ದೇಶವಾಗಿರುವುದರಲ್ಲಿ ಇಂತಹ ಕೆಲಸಗಳ ಪಾಲು ದೊಡ್ಡದು. ಹಾಲಿನ ಡೈರಿಯ ಹಣದಿಂದ ಮಕ್ಕಳನ್ನು ಓದಿಸಿದ ಎಷ್ಟೋ ತಾಯಂದಿರನ್ನು ನಾನು ಬಲ್ಲೆ; ಆ ಮಕ್ಕಳಲ್ಲಿ ಕೆಲವರು ಇದನ್ನು ಓದುತ್ತಿರಬಹುದು.

ಆದರೆ ಹಾಲೊಂದನ್ನೇ ನೋಡಿ ತಳಿ ಆರಿಸಿದರೆ ಏನಾಗಬಹುದೆಂಬುದಕ್ಕೆ ಅಮೆರಿಕದ ಒಂದು ಹೋರಿಯ ಕಥೆಯಿದೆ. 1962ರಲ್ಲಿ ಹುಟ್ಟಿದ ಆ ಹೋಲ್‌ಸ್ಟೀನ್ ಹೋರಿಯ ಹೆಸರು ಪಾನೀ ಫಾರ್ಮ್ ಆರ್ಲಿಂಡಾ ಚೀಫ್. ಕೃತಕ ಗರ್ಭಧಾರಣೆಯ ಮೂಲಕ ಅದಕ್ಕೆ ಹುಟ್ಟಿದ ಹೆಣ್ಣುಕರುಗಳು ಸುಮಾರು 16,000. ಮೊಮ್ಮಕ್ಕಳು 5 ಲಕ್ಷ. ಅವು ಹಾಲಿನ ಹೊಳೆ ಹರಿಸಿದವು. ಆ ಹೋರಿಯಲ್ಲಿ ದೋಷಯುಕ್ತ ವಂಶವಾಹಿಯೊಂದೂ ಅಡಗಿದ್ದಿತು. ತಂದೆ ತಾಯಿ ಎರಡೂ ಕಡೆಯಿಂದ ಅದು ಬಂದಾಗ ಕರು ಗರ್ಭದಲ್ಲಿಯೇ ಸಾಯುತ್ತಿತ್ತು. ಜಗತ್ತಿನಾದ್ಯಂತ ಸುಮಾರು 5 ಲಕ್ಷ ಗರ್ಭಪಾತಗಳಿಗೆ ಅದು ಕಾರಣವಾಯಿತೆಂದು ವಿಜ್ಞಾನಿಗಳು ದಶಕಗಳ ನಂತರ ಅಂದಾಜಿಸಿದರು. ನೇರಳೆ ಹೂವಿನೊಳಗೆ ಬಿಳಿಯ ಗುಣ ಅಡಗಿರುವುದೆಂದು ಕರಿಹಲಗೆಯ ಮೇಲೆ ಬರೆದುಕೊಂಡವರಿಗೆ ಇದು ಸುಲಭವಾಗಿ ತಿಳಿದೀತು. ಈಗ ಪರೀಕ್ಷೆ ಮಾಡಿ ಅಂತಹ ಹೋರಿಗಳನ್ನು ಗುರುತಿಸಬಹುದು. ನಮ್ಮಲ್ಲಿಯೂ 2024ರಲ್ಲಿ ‘ಗೌ ಚಿಪ್’ ಎಂಬ ವಂಶವಾಹಿ ಪರೀಕ್ಷೆಯ ಸಾಧನ ಬಿಡುಗಡೆಯಾಗಿದೆ. ಸ್ವಾಗತವೇ. ಆದರೆ ಚಿಪ್ಪು ಹಸುವಿನ ಗುಣವನ್ನು ಹೇಳೀತು, ಹುಲ್ಲನ್ನು ತಂದು ಹಾಕದು.

ಪೋಷಣೆಯ ಸಂಶೋಧನೆ ಏನು ಮಾಡಬಲ್ಲುದೆಂಬುದಕ್ಕೂ ಒಂದು ನಿದರ್ಶನ ಕೊಡುತ್ತೇನೆ. ಸುಬಾಬುಲ್ ಮರವನ್ನು ನೀವೆಲ್ಲ ಕಂಡಿದ್ದೀರಿ. ಅದರ ಸೊಪ್ಪಿನಲ್ಲಿ ಪ್ರೋಟೀನು ಹೇರಳ. ಜೊತೆಗೆ ಮೈಮೋಸಿನ್ ಎಂಬ ವಿಷವೂ ಉಂಟು. ಆಸ್ಟ್ರೇಲಿಯದಲ್ಲಿ ಅದನ್ನು ಹೆಚ್ಚಾಗಿ ತಿಂದ ದನಗಳ ಕೂದಲು ಉದುರುತ್ತಿತ್ತು, ಗಳಗಂಡ ಬರುತ್ತಿತ್ತು. ಹವಾಯಿ ದ್ವೀಪದ ಆಡುಗಳಿಗಾದರೋ ಏನೂ ಆಗುತ್ತಿರಲಿಲ್ಲ. ರೇಮಂಡ್ ಜೋನ್ಸ್ ಎಂಬ ಆಸ್ಟ್ರೇಲಿಯದ ವಿಜ್ಞಾನಿ ಇದನ್ನು ಗಮನಿಸಿ, ಆ ಆಡುಗಳ ಹೊಟ್ಟೆಯ ದ್ರವವನ್ನು ತಮ್ಮ ದೇಶದ ಪ್ರಾಣಿಗಳ ಹೊಟ್ಟೆಗೆ ಸೇರಿಸಿದರು. ವಿಷಬಾಧೆ ನಿಂತಿತು! ವ್ಯತ್ಯಾಸವಿದ್ದುದು ಹೊಟ್ಟೆಯಲ್ಲಿ ನೆಲೆಸಿದ್ದ ಬ್ಯಾಕ್ಟೀರಿಯದಲ್ಲಿ. ಅದಕ್ಕೆ ಮುಂದೆ ಅವರ ಹೆಸರನ್ನೇ ಇಟ್ಟರು. ದನದ ತಳಿಯನ್ನು ಬದಲಿಸದೆ ಅದರ ಹೊಟ್ಟೆಯನ್ನು ಅರಿತುಕೊಂಡು ಪಡೆದ ಲಾಭವಿದು.

ನಮ್ಮ ಬೆಂಗಳೂರಿನ ಆಡುಗೋಡಿಯಲ್ಲಿಯೂ 1995ರಿಂದ ಪಶುಪೋಷಣೆ ಮತ್ತು ಪಶು ಶರೀರಕ್ರಿಯಾಶಾಸ್ತ್ರಗಳಿಗೆ ಮೀಸಲಾದ ರಾಷ್ಟ್ರೀಯ ಸಂಸ್ಥೆಯಿದೆ. ಯಾವ ಪ್ರದೇಶದ ಮಣ್ಣು, ಮೇವುಗಳಲ್ಲಿ ಯಾವ ಖನಿಜದ ಕೊರತೆಯಿದೆಯೆಂದು ನೋಡಿ ಆಯಾ ಪ್ರದೇಶಕ್ಕೆ ತಕ್ಕ ಲವಣ ಮಿಶ್ರಣವನ್ನು ರೂಪಿಸಿದ್ದಾರೆ. 100 ಕಿಲೋ ಒಣಹುಲ್ಲಿಗೆ 4 ಕಿಲೋ ಯೂರಿಯಾವನ್ನು ನೀರಿನಲ್ಲಿ ಕರಗಿಸಿ ಚಿಮುಕಿಸಿ, ಮೂರು ವಾರ ಗಾಳಿಯಾಡದಂತೆ ಮುಚ್ಚಿಟ್ಟರೆ ಹುಲ್ಲಿನ ಸತ್ತ್ವ ಹೆಚ್ಚುವುದೆಂಬುದು ಬಹಳ ಹಿಂದಿನಿಂದ ತಿಳಿದ ವಿದ್ಯೆ. (ಅಳತೆ ತಪ್ಪಿದರೆ ಯೂರಿಯಾ ವಿಷವಾದೀತು, ಪಶುವೈದ್ಯರನ್ನು ಕೇಳದೆ ಮಾಡಬೇಡಿ.) ಆ ವಿದ್ಯೆ 1983ರಲ್ಲಿ ನಮ್ಮ ಬಣವೆಯವರೆಗೆ ಬಂದಿರಲಿಲ್ಲ. ವೀರ್ಯದ ಕಡ್ಡಿ ಮಾತ್ರ ಬಂದಿತ್ತು. ನನ್ನ ಆಕ್ಷೇಪಣೆ ಇದೇ. ತಳಿ ಮನೆಬಾಗಿಲಿಗೆ ಬರುತ್ತದೆ, ಪೋಷಣೆಯ ಜ್ಞಾನ ಪುಸ್ತಕದಲ್ಲಿ ಉಳಿಯುತ್ತದೆ.

ನಮ್ಮ ಪೂರ್ವಿಕರು ಇವೆರಡನ್ನು ಬೇರ್ಪಡಿಸಿರಲಿಲ್ಲ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ, ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಆಯಿತು. ಆ ದನಗಳಿಗೆಂದು ಕಾವಲುಗಳನ್ನು ಬಿಟ್ಟಿದ್ದರು. ಬೇಸಗೆಗೆ ಒಂದು, ಮಳೆಗಾಲಕ್ಕೆ ಒಂದು, ಚಳಿಗಾಲಕ್ಕೆ ಒಂದು ಎಂದು ಋತುಮಾನವರಿತು ಹಂಚಿದ್ದರು. ಹುಲ್ಲುಗಾವಲೇ ಆ ತಳಿಯನ್ನು ರೂಪಿಸಿತೆಂದರೂ ತಪ್ಪಾಗದು. ಇಂದು ಆ ಕಾವಲುಗಳ ಬಹುಭಾಗ ಅನ್ಯಕಾರ್ಯಕ್ಕೆ ಹೋಗಿದೆ. ಚಳ್ಳಕೆರೆಯ ಸಾವಿರಾರು ಎಕರೆ ಕಾವಲು ರಕ್ಷಣಾ ಹಾಗೂ ವಿಜ್ಞಾನ ಸಂಸ್ಥೆಗಳ ಪಾಲಾಯಿತು. ಊರೂರಿನ ಗೋಮಾಳಗಳ ಗತಿಯನ್ನು ನಾನು ಹೇಳಬೇಕಾಗಿಲ್ಲ. ಜೊತೆಗೆ, 2019ರ ಜಾನುವಾರು ಗಣತಿಯಂತೆ ದೇಶದ ನಾಟಿ ದನಗಳ ಸಂಖ್ಯೆ ಏಳು ವರ್ಷಗಳಲ್ಲಿ ನೂರಕ್ಕೆ 6ರಷ್ಟು ಇಳಿದಿದೆ. ವಿದೇಶಿ ಮತ್ತು ಮಿಶ್ರತಳಿಗಳದು ನೂರಕ್ಕೆ ಸುಮಾರು 27ರಷ್ಟು ಏರಿದೆ. ಹೆಚ್ಚು ಮೇವು ಬೇಡುವ ಹಸುಗಳು ಹೆಚ್ಚುತ್ತಿವೆ, ಮೇಯುವ ನೆಲ ಕುಗ್ಗುತ್ತಿದೆ.

ಆದುದರಿಂದ ನನ್ನ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ನಾಟಿಯೋ ಸೀಮೆಯೋ ಎಂಬ ಜಗಳ ನಿರರ್ಥಕ. ನೀರಾವರಿಯಿದ್ದು ಹಸಿರುಮೇವು ಬೆಳೆಯಬಲ್ಲವನಿಗೆ ಮಿಶ್ರತಳಿ ವರವಾದೀತು. ಒಣಹುಲ್ಲು ಮತ್ತು ಬಯಲನ್ನು ನಂಬಿದವನಿಗೆ ಹಳ್ಳಿಕಾರ್, ಮಲೆನಾಡಿನವನಿಗೆ ಗಿಡ್ಡ ತಳಿ ಆಸರೆಯಾದೀತು. ಸರ್ಕಾರ ಹಸುವಿಗೆ ಸಾಲ ಕೊಡುವಾಗ ಮೇವಿನ ಭೂಮಿಯನ್ನೂ ಕೇಳಬೇಕು, ಉಳಿದಿರುವ ಗೋಮಾಳವನ್ನು ಕಾಯಬೇಕು, ತಳಿಗೆ ವ್ಯಯಿಸುವಷ್ಟೇ ಶ್ರದ್ಧೆಯನ್ನು ಮೇವಿನ ಶಿಕ್ಷಣಕ್ಕೂ ವ್ಯಯಿಸಬೇಕು.

ಮೊನ್ನೆ ಆ ಹುಡುಗನಿಗೆ ನಾನೇ ದೂರವಾಣಿ ಮಾಡಿದೆ. “ಮೊದಲ ವರ್ಷ ಹಸು ತರಬೇಡಪ್ಪ. ನೇಪಿಯರ್ ಹುಲ್ಲು ಹಾಕು, ಅಲಸಂದೆ ಹಾಕು, ಬೇಸಗೆಯಲ್ಲಿ ಎಷ್ಟು ಉಳಿಯುವುದೆಂದು ನೋಡು. ಅಷ್ಟಕ್ಕೆ ಎಷ್ಟು ಹಸು, ಯಾವ ಹಸು ಎಂಬುದನ್ನು ಆಮೇಲೆ ಲೆಕ್ಕ ಹಾಕೋಣ” ಎಂದೆ. ಸ್ವಲ್ಪ ಹೊತ್ತು ಮೌನವಾಗಿದ್ದು, “ಆಗಲಿ ಸಾರ್” ಎಂದ. ನಿರಾಶೆಯಾಗಿರಬೇಕು. ನನ್ನ ತಂದೆಯವರ ಪ್ರಶ್ನೆಗೆ ನಾನು ಕೊಡದೆ ಉಳಿಸಿಕೊಂಡ ಉತ್ತರವನ್ನು ಇಷ್ಟು ತಡವಾಗಿಯಾದರೂ ಒಬ್ಬನಿಗೆ ಹೇಳಿದೆನೆಂಬ ಸಮಾಧಾನ ನನ್ನದು.

ನಿಮ್ಮ ಮನೆಯ ಕೊಟ್ಟಿಗೆಯ ಅನುಭವಗಳೇನಾದರೂ ಇದ್ದರೆ ದಯವಿಟ್ಟು ಬರೆದು ತಿಳಿಸಿ. ನಾನು ತಪ್ಪಿದ್ದರೆ ತಿದ್ದಿ. ಮೇಷ್ಟ್ರನ್ನು ತಿದ್ದುವ ಅವಕಾಶ ಪದೇಪದೇ ಸಿಗುವುದಿಲ್ಲ.