ಕರಿಗುಡ್ಡೆಯ ಸುತ್ತಣ ಬಳೆ

ಹಾವೇರಿ, ರಾಣೇಬೆನ್ನೂರುಗಳ ಸಂತೆಯಲ್ಲಿ ವೃದ್ಧರ ಕಣ್ಣುಗಳನ್ನು ಗಮನಿಸಿದರೆ, ಹಲವರ ಕರಿಗುಡ್ಡೆಯ ಅಂಚಿನಲ್ಲಿ ಬೂದುಬಿಳುಪಿನ ಬಳೆಯೊಂದು ಕಾಣುತ್ತದೆ. ಬ್ಯಾಡಗಿಯ ಪೇಟೆಯಲ್ಲಿ ಇದನ್ನು ಮೆಣಸಿನಕಾಯಿಯ ದೂಳಿನ ಫಲವೆಂದು ಎಣಿಸುವವರೂ ಇರಬಹುದು. ದೂಳು ಕಣ್ಣನ್ನು ಉರಿಸೀತು, ಕೆಂಪಾಗಿಸೀತು. ಈ ಬಳೆಯನ್ನು ಮಾತ್ರ ರಚಿಸಲಾರದು. ಇದರ ಮೂಲವು ರಕ್ತದಲ್ಲಿದೆ.

ಕಣ್ಣಿನ ಮುಂಭಾಗದ ಕಾರ್ನಿಯಾ ಪಟಲವು ಸುಮಾರು ಅರ್ಧ ಮಿಲಿಮೀಟರು ದಪ್ಪವಾದುದು. ಅದರ ಕೊಲಾಜೆನ್ ಎಳೆಗಳು ಬೆಳಕಿನ ತರಂಗಾಂತರಕ್ಕಿಂತ ಬಹಳ ಸಣ್ಣವು, ಕ್ರಮವಾಗಿ ಹೊಂದಿಕೊಂಡಂಥವು. ಆದುದರಿಂದ ಅವು ಚೆದರಿಸಿದ ಕಿರಣಗಳು ಒಂದನ್ನೊಂದು ಅಳಿಸಿಕೊಂಡು, ಪಟಲವು ಗಾಜಿನಂತೆ ತಿಳಿಯಾಗಿರುತ್ತದೆ. ಅಂಚಿನ ರಕ್ತನಾಳಗಳಿಂದ ಒಸರಿದ ಕೊಲೆಸ್ಟರಾಲ್ ಮೊದಲಾದ ಕೊಬ್ಬು ಅಲ್ಲಿ ತಂಗಿದರೆ, ಹಾಲಿನಲ್ಲಿಯ ಕೊಬ್ಬಿನ ಕಣಗಳಂತೆಯೇ ಬೆಳಕನ್ನು ಚೆದರಿಸಿ ಬೆಳ್ಳಗೆ ತೋರುತ್ತದೆ. ನಡುಭಾಗವು ತಿಳಿಯಾಗಿಯೇ ಉಳಿಯುವುದರಿಂದ ದೃಷ್ಟಿಗೆ ಬಾಧೆಯಿಲ್ಲ.

ಮುದುಕರಲ್ಲಿ ಇದು ನರೆಗೂದಲಿನಷ್ಟೇ ಸಹಜ. ನಲವತ್ತರೊಳಗಿನವರಲ್ಲಿ ಕಂಡರೆ ಮಾತು ಬೇರೆ. ವಂಶಾನುಗತವಾಗಿ ಕೊಲೆಸ್ಟರಾಲ್ ಏರಿ, ಹೃದ್ರೋಗಕ್ಕೆ ದಾರಿಯಾಗುತ್ತಿರಬಹುದು. ಬಳೆಯಿಲ್ಲವೆಂದ ಮಾತ್ರಕ್ಕೆ ರಕ್ತವು ಸರಿಯಿದೆಯೆಂದೂ ಅಲ್ಲ.

ಬಳೆಯ ಬಣ್ಣವು ಹೊಂಗಂದಾಗಿಯೋ ಹಸುರುಮಿಶ್ರಿತವಾಗಿಯೋ ಇದ್ದರೆ, ಅದು ತಾಮ್ರವಿರಬಹುದು. 1902ರಲ್ಲಿ ಕೈಸರ್, 1903ರಲ್ಲಿ ಫ್ಲೈಷರ್ ವರ್ಣಿಸಿದ ಈ ಬಳೆಯು, 1912ರಲ್ಲಿ ವಿಲ್ಸನ್ ವಿವರಿಸಿದ ರೋಗದ ಕುರುಹು. ಯಕೃತ್ತು ಹೊರಹಾಕಲಾರದ ತಾಮ್ರವು ಯಕೃತ್ತಿನಲ್ಲಿಯೂ ಮೆದುಳಿನಲ್ಲಿಯೂ ಸಂಚಯವಾಗುತ್ತದೆ. ಮೂರು ದಶಕಗಳಲ್ಲಿ ಪರೀಕ್ಷಿಸಿದ ಇಂಥ 282 ರೋಗಿಗಳ ವಿವರವನ್ನು ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು 2007ರಲ್ಲಿ ಪ್ರಕಟಿಸಿದರು. ತಾಯಿತಂದೆಗಳಿಬ್ಬರಿಂದಲೂ ದೋಷಯುಕ್ತ ಜೀನು ಬಂದಾಗ ಮಾತ್ರ ರೋಗವುಂಟಾಗುವುದರಿಂದ, ರೋಗಿಯ ಒಡಹುಟ್ಟಿದವರಲ್ಲಿ ಪ್ರತಿಯೊಬ್ಬರಿಗೂ ಅದು ಬರುವ ಸಂಭವ ನಾಲ್ಕರಲ್ಲೊಂದು. ಸೋದರಮಾವನಿಗೂ ಅತ್ತೆಯ ಮಗನಿಗೂ ಹೆಣ್ಣು ಕೊಡುವ ನಮ್ಮ ನಾಡು ಇದನ್ನು ಮರೆಯಲಾಗದು. ಬೇಗ ತಿಳಿದರೆ ಚಿಕಿತ್ಸೆಯುಂಟು. ತಡವಾದರೆ ಮೆದುಳಿಗಾದ ಹಾನಿ ಪೂರ್ತಿ ಸರಿಹೋಗದಿರಬಹುದು.

ನಮ್ಮ ಊರುಗಳ ನೇತ್ರ ಶಿಬಿರಗಳು ಮುಖ್ಯವಾಗಿ ಪೊರೆಯನ್ನು ಹುಡುಕುತ್ತವೆ. ಇದು ಸ್ತುತ್ಯವೇ ಸರಿ. ಆದರೆ ಪೊರೆಗೆ ಹಿಡಿದ ದೀಪವನ್ನು ಅಂಚಿನ ಕಡೆಗೂ ತಿರುಗಿಸುವುದಕ್ಕೆ ಖರ್ಚೇನು? ತರುಣರಲ್ಲಿ ಬಿಳಿಯ ಬಳೆ ಕಂಡರೆ ಅವರನ್ನು ರಕ್ತಪರೀಕ್ಷೆಗೆ ಕಳುಹಿಸಬೇಕು. ತಾಮ್ರದ ಬಳೆ ಅನೇಕ ವೇಳೆ ಬರಿಗಣ್ಣಿಗೆ ಕಾಣದಾದುದರಿಂದ, ಸಂಶಯ ಬಂದವರನ್ನು ಸ್ಲಿಟ್ ಲ್ಯಾಂಪ್ ಇರುವ ಆಸ್ಪತ್ರೆಗೆ ಕಳುಹಿಸಬೇಕು. ಕೈನಡುಕವೋ, ಮಾತಿನ ತೊದಲೋ ಹೊಸದಾಗಿ ತೋರಿದ ವಿದ್ಯಾರ್ಥಿಯನ್ನು ಸೋಮಾರಿಯೆಂದು ಗದರಿಸುವ ಮೊದಲು, ವೈದ್ಯರಿಂದ ಅವನ ಕಣ್ಣನ್ನು ಪರೀಕ್ಷೆ ಮಾಡಿಸುವುದು ಲೇಸೆಂದು ನಾವು ಭಾವಿಸುತ್ತೇವೆ.