ವಾರಸುದಾರರನ್ನು ಕಾಯುತ್ತಿರುವ ಹಣ

ಬಾದಾಮಿಯ ಬೆಟ್ಟಸಾಲಿನಿಂದ ಐಹೊಳೆಯವರೆಗಿನ ಊರುಗಳಲ್ಲಿ ಹೂಳಿಟ್ಟ ಹೊನ್ನಿನ ಕಥೆಗಳಿಗೆ ಬರಗಾಲವೆಂಬುದಿಲ್ಲ. ಹಾಳುಗುಡಿಯ ಗರ್ಭಗೃಹದಡಿಯಲ್ಲಿ ಕೊಪ್ಪರಿಗೆ ತುಂಬ ಹೊನ್ನಿದೆ, ಅದಕ್ಕೊಂದು ಸರ್ಪಗಾವಲಿದೆ ಎಂದು ನಂಬಿ ಅಮಾವಾಸ್ಯೆಯ ರಾತ್ರಿ ಗುದ್ದಲಿ ಹಿಡಿದು ಹೋಗುವವರು ಇಂದಿಗೂ ಉಂಟು. ಅವರ ಕೈಗೆ ಹೊನ್ನು ಹತ್ತಿದ್ದನ್ನು ನಾನು ಕೇಳಿಲ್ಲ. ಗುಡಿ ಹಾಳಾದುದನ್ನು ಮಾತ್ರ ಕಂಡಿದ್ದೇನೆ. ಆದರೆ ಇದೇ ಊರುಗಳವರಿಗೆ ನ್ಯಾಯವಾಗಿ ಸಲ್ಲಬೇಕಾದ, ಅಗೆಯುವ ಅವಶ್ಯಕತೆಯೇ ಇಲ್ಲದ ಇನ್ನೊಂದು ನಿಧಿಯಿದೆ. ಅವರ ತಂದೆತಾಯಿಗಳು, ಅಜ್ಜ ಅಜ್ಜಿಯರು ಹೊಟ್ಟೆಬಟ್ಟೆ ಕಟ್ಟಿ ಕೂಡಿಹಾಕಿ, ಬ್ಯಾಂಕಿನಲ್ಲೋ ವಿಮೆಯಲ್ಲೋ ಇಟ್ಟು, ಮಕ್ಕಳಿಗೆ ಹೇಳದೆಯೇ ಕಣ್ಣು ಮುಚ್ಚಿದ ಹಣ ಅದು.

ಖಾತೆಯೊಂದರಲ್ಲಿ 10 ವರ್ಷ ಠೇವಣಿದಾರನ ಕಡೆಯಿಂದ ಯಾವ ವ್ಯವಹಾರವೂ ನಡೆಯದಿದ್ದರೆ, ಅಥವಾ ಮುದ್ದತು ತೀರಿದ ಠೇವಣಿಯನ್ನು 10 ವರ್ಷ ಯಾರೂ ಕೇಳದಿದ್ದರೆ, ಬ್ಯಾಂಕು ಆ ಹಣವನ್ನು ರಿಸರ್ವ್ ಬ್ಯಾಂಕು 2014ರಲ್ಲಿ ಸ್ಥಾಪಿಸಿದ ‘ಠೇವಣಿದಾರರ ಶಿಕ್ಷಣ ಮತ್ತು ಜಾಗೃತಿ ನಿಧಿ’ಗೆ ಒಪ್ಪಿಸತಕ್ಕದ್ದು. 2023ರ ಮಾರ್ಚ್ ಕೊನೆಗೆ ಆ ನಿಧಿಯಲ್ಲಿ 62,225 ಕೋಟಿ ರೂಪಾಯಿಗಳಿದ್ದವು. ಒಂದೇ ವರ್ಷದಲ್ಲಿ ಅದು 78,213 ಕೋಟಿಗೇರಿತು. ಈ ವರ್ಷದಲ್ಲಿಯೇ ಬ್ಯಾಂಕುಗಳು ವಾರಸುದಾರರನ್ನು ಹುಡುಕುವ ‘100 ದಿನ’ಗಳ ಕಾರ್ಯಕ್ರಮವನ್ನು ನಡೆಸಿದ್ದವು, ‘ಉದ್ಗಮ್’ ಎಂಬ ಶೋಧನೆಯ ಜಾಲತಾಣವೂ ತೆರೆದಿತ್ತು ಎಂಬುದನ್ನು ನೆನೆದರೆ, ಹುಡುಕುವ ವೇಗಕ್ಕಿಂತ ಮರೆಯುವ ವೇಗವೇ ಹೆಚ್ಚೆಂದು ಒಪ್ಪಬೇಕಾಗುತ್ತದೆ.

ಕಾನೂನಿನ ಬಗ್ಗೆ ಒಂದು ತಪ್ಪು ತಿಳಿವಳಿಕೆ ನಮ್ಮಲ್ಲಿ ಬಲವಾಗಿದೆ. ‘ಸರಕಾರಕ್ಕೆ ಹೋಯಿತು’ ಎಂದು ಕೈಚೆಲ್ಲುವವರನ್ನು ನಾನು ಬಹಳ ಕಂಡಿದ್ದೇನೆ. ಬ್ಯಾಂಕಿನ ಹಣದ ಮಟ್ಟಿಗೆ ಇದು ನಿಜವಲ್ಲ. ನಿಧಿಗೆ ಹೋದ ಮೇಲೂ ಅದು ಠೇವಣಿದಾರನದೇ, ಅವನ ತರುವಾಯ ವಾರಸುದಾರರದೇ. ಕೇಳುವುದಕ್ಕೆ ಕಾಲಮಿತಿಯಿಲ್ಲ, ಕೇಳಬೇಕಾದುದು ಮೂಲ ಬ್ಯಾಂಕಿನಲ್ಲಿಯೇ, ಬಡ್ಡಿ ಬರತಕ್ಕ ಠೇವಣಿಗೆ ನಿಧಿಯಲ್ಲಿದ್ದ ಕಾಲಕ್ಕೂ ರಿಸರ್ವ್ ಬ್ಯಾಂಕು ಗೊತ್ತುಪಡಿಸಿದ ಬಡ್ಡಿ ಸಲ್ಲುತ್ತದೆ. ವಿಮೆಯ ಹಣದ ಗತಿ ಮಾತ್ರ ಬೇರೆ. ಅದು 10 ವರ್ಷದ ನಂತರ ಹಿರಿಯ ನಾಗರಿಕರ ಕಲ್ಯಾಣ ನಿಧಿಗೆ ಸೇರಿ, ಅಲ್ಲಿಂದ 25 ವರ್ಷಗಳೊಳಗಾಗಿ ಯಾರೂ ಕೇಳದಿದ್ದರೆ ನಿಜವಾಗಿಯೂ ಕೇಂದ್ರ ಸರಕಾರದ ಪಾಲಾಗುತ್ತದೆ. ಆದುದರಿಂದ ಪೆಟ್ಟಿಗೆಯ ತಳದಲ್ಲಿ ಹಳದಿಗಟ್ಟಿದ ವಿಮಾಪತ್ರವೇನಾದರೂ ಇದ್ದರೆ ಮೊದಲು ಅದನ್ನು ಬಿಚ್ಚಿ ನೋಡುವುದು ಲೇಸು.

ಇಷ್ಟು ಉದಾರವಾದ ಕಾನೂನು ಇದ್ದೂ ಹಣ ಏಕೆ ಮನೆಗೆ ಬರುತ್ತಿಲ್ಲ? ಅಜ್ಞಾನವೆಂದು ಪಟ್ಟಣದವರು ಒಂದೇ ಮಾತಿನಲ್ಲಿ ಹೇಳಿಬಿಡುತ್ತಾರೆ. ಕನ್ನಡ ಕಲಿಸಿ ಹೊಟ್ಟೆ ಹೊರೆಯುವ ನನಗೆ ಕಾಣುವ ಕಾರಣ ಬೇರೆ, ಅದು ಹೆಸರಿನದು. ನೀಲವ್ವ ಎಂಬ ಹೆಸರನ್ನೇ ತೆಗೆದುಕೊಳ್ಳಿ. ಪಡಿತರ ಚೀಟಿ ಬರೆದವನಿಗೆ ಅವಳು ನೀಲಮ್ಮ, ಮತದಾರರ ಪಟ್ಟಿಯವನಿಗೆ ನೀಲಾಬಾಯಿ. ನಮ್ಮ ಅನೇಕ ಮನೆತನಗಳಲ್ಲಿ ಮದುವೆಯ ದಿನ ಸೊಸೆಗೆ ಹೊಸ ಹೆಸರಿಡುವ ಪದ್ಧತಿಯಿರುವುದರಿಂದ ತವರಿನ ದಾಖಲೆಗಳಲ್ಲಿ ಅವಳು ನೀಲವ್ವಳೇ ಅಲ್ಲ. ಇನ್ನು ಈ ಹೆಸರು ಇಂಗ್ಲಿಷ್ ಲಿಪಿಗೆ ಹತ್ತಿತೆಂದರೆ ವಕಾರವೊಂದನ್ನೇ ನಾಲ್ಕು ಬಗೆಯಾಗಿ ಬರೆಯಬಹುದು. ಕೆಲವರಿಗೆ ಅಡ್ಡಹೆಸರು ಮೊದಲು, ಕೆಲವರಿಗೆ ಕೊನೆಗೆ. ಗಂಡನ ಹೆಸರು ಕೆಲವೊಮ್ಮೆ ನಡುವೆ, ಕೆಲವೊಮ್ಮೆ ಇಲ್ಲವೇ ಇಲ್ಲ. ‘ಉದ್ಗಮ್’ ತಾಣ ಹೆಸರಿನೊಡನೆ ಪ್ಯಾನ್ ಸಂಖ್ಯೆ, ಮತದಾರರ ಗುರುತಿನ ಸಂಖ್ಯೆ, ಜನ್ಮದಿನ ಮುಂತಾದವುಗಳಲ್ಲೊಂದನ್ನು ಕೇಳುತ್ತದೆ. ಹೆಬ್ಬೆಟ್ಟೊತ್ತಿ ಖಾತೆ ತೆರೆದ ಮುದುಕಿಗೆ ಪ್ಯಾನ್ ಎಲ್ಲಿಂದ ಬರಬೇಕು? ಅವಳ ಜನ್ಮದಿನವನ್ನು ಬಲ್ಲವರು ಯಾರು? ದೊಡ್ಡ ನೆರೆ ಬಂದ ವರ್ಷ ಹುಟ್ಟಿದವಳೆಂದರೆ ಯಂತ್ರಕ್ಕೆ ತಿಳಿಯುವುದಿಲ್ಲ.

ಬ್ಯಾಂಕುಗಳ ಹೆಸರಾದರೂ ನಿಂತ ನೆಲದಲ್ಲಿ ನಿಂತಿವೆಯೆ? ಬಿಜಾಪುರ ಗ್ರಾಮೀಣ ಬ್ಯಾಂಕು 2005ರಲ್ಲಿ ಮಲಪ್ರಭಾ, ವರದಾ, ನೇತ್ರಾವತಿ ಬ್ಯಾಂಕುಗಳೊಡನೆ ಕೂಡಿ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕಾಯಿತು; 2025ರ ಮೇ 1ರಂದು ಅದೂ ಇನ್ನೊಂದರೊಡನೆ ಬೆರೆತು ಕರ್ನಾಟಕ ಗ್ರಾಮೀಣ ಬ್ಯಾಂಕಾಯಿತು. ಸಿಂಡಿಕೇಟ್ ಬ್ಯಾಂಕು 2020ರಲ್ಲಿ ಕೆನರಾದೊಳಗೆ, ವಿಜಯಾ ಬ್ಯಾಂಕು 2019ರಲ್ಲಿ ಬರೋಡಾದೊಳಗೆ, ಮೈಸೂರು ಸ್ಟೇಟ್ ಬ್ಯಾಂಕು 2017ರಲ್ಲಿ ಭಾರತೀಯ ಸ್ಟೇಟ್ ಬ್ಯಾಂಕಿನೊಳಗೆ ಲೀನವಾದವು. ವಾರಸುದಾರನಿಂದ ವಂಶಾವಳಿ ಕೇಳುವ ಬ್ಯಾಂಕಿಗೇ ಒಂದು ವಂಶಾವಳಿ ಬೇಕಾಗಿದೆ ಎಂದರೆ ಅತಿಶಯೋಕ್ತಿಯಲ್ಲ. ಹಳೆಯ ಪಾಸ್‌ಪುಸ್ತಕದ ಮೇಲಿನ ಹೆಸರಿನ ಬ್ಯಾಂಕು ಊರಲ್ಲಿಲ್ಲವೆಂದು ಪುಸ್ತಕವನ್ನು ಒಲೆಗೆ ಹಾಕಿದವರಿದ್ದಾರೆ. ಹಾಕಬಾರದು, ಲೀನವಾದ ಬ್ಯಾಂಕಿನ ಸಾಲವೂ ಠೇವಣಿಯೂ ಲೀನಗೊಳಿಸಿಕೊಂಡ ಬ್ಯಾಂಕಿನವೇ.

ಹುನಗುಂದ ತಾಲೂಕಿನ ಹಳ್ಳಿಯವನಾದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮಂಗಳೂರಿನಲ್ಲಿ ಕೆಲಸಕ್ಕಿದ್ದಾನೆ. ಅವನ ಅಜ್ಜಿ ಇಳಕಲ್ಲಿನ ಮಗ್ಗದ ಮನೆಗಳಿಗೆ ಕಂಡಿಕೆ ಸುತ್ತಿಕೊಟ್ಟು ಕೂಡಿಸಿದ ನಾಲ್ಕು ಸಾವಿರ ಚಿಲ್ಲರೆ ಹಣ ಒಂದು ಬ್ಯಾಂಕಿನಲ್ಲಿತ್ತು. ಜಾತ್ರೆಗೆ ಊರಿಗೆ ಬಂದಾಗ ನನ್ನನ್ನು ಕಂಡು, “ಸರ್, ಮೂರು ಸರತಿ ಹೋಗಿಬಂದೀನ್ರಿ. ಒಮ್ಮೆ ಮರಣದ ದಾಖಲೆ ಅಂದ್ರು, ಒಮ್ಮೆ ಹೆಸರು ಕೂಡೂದಿಲ್ಲ ಅಂದ್ರು. ಬಸ್ಸಿನ ಖರ್ಚು, ಪಗಾರ ಹಿಡಿದರ ಬರೂ ರೊಕ್ಕಕ್ಕಿಂತ ಹೋಗೂ ರೊಕ್ಕನ ಹೆಚ್ಚಾತ್ರಿ. ಬಿಟ್ಟಬಿಟ್ಟೀನ್ರಿ” ಎಂದ. ಅವನ ಲೆಕ್ಕದಲ್ಲಿ ತಪ್ಪೇನಿದೆ? ಸಾವಿರಾರು ಕೋಟಿಯ ಆ ರಾಶಿಯಲ್ಲಿ ಇಂಥ ‘ಬಿಟ್ಟುಬಿಟ್ಟ’ ಸಣ್ಣ ಗಂಟುಗಳೂ ಸೇರಿವೆ. ಬಾದಾಮಿ, ಹುನಗುಂದಗಳ ಕಡೆಯಿಂದ ಗೋವೆಗೆ, ಮಂಗಳೂರಿಗೆ ದುಡಿಯಲು ಹೋದವರಿಗೆ ಬ್ಯಾಂಕು ತೆರೆದಿರುವ ದಿನವೆಂದರೆ ಕೂಲಿ ತಪ್ಪುವ ದಿನ.

2023ರ ‘100 ದಿನ’ಗಳಲ್ಲಿ ಪ್ರತಿ ಬ್ಯಾಂಕು ಪ್ರತಿ ಜಿಲ್ಲೆಯ ಅತಿ ದೊಡ್ಡ 100 ಠೇವಣಿಗಳ ಒಡೆಯರನ್ನು ಹುಡುಕಬೇಕೆಂದಿತ್ತು. ಬ್ಯಾಂಕಿನ ದೃಷ್ಟಿಯಿಂದ ಇದು ಜಾಣತನ. ಕಡಿಮೆ ಶ್ರಮದಲ್ಲಿ ಹೆಚ್ಚು ಹಣ ಇತ್ಯರ್ಥವಾಗುತ್ತದೆ. ಕಂಡಿಕೆ ಸುತ್ತಿದವಳ ಹಣ ಆ ನೂರರಲ್ಲಿ ಬರುವುದು ಸಾಧ್ಯವೇ ಇಲ್ಲ. 2025ರ ಅಕ್ಟೋಬರ್ 4ರಂದು ಕೇಂದ್ರದ ಅರ್ಥಮಂತ್ರಿಣಿಯವರು ಗಾಂಧಿನಗರದಲ್ಲಿ ಆರಂಭಿಸಿದ, ‘ನಿಮ್ಮ ಹಣ, ನಿಮ್ಮ ಹಕ್ಕು’ ಎಂಬರ್ಥದ ಆಂದೋಲನ ಡಿಸೆಂಬರಿನವರೆಗೆ ಜಿಲ್ಲೆ ಜಿಲ್ಲೆಗಳಲ್ಲಿ ಶಿಬಿರ ಹೂಡಿತು; ಬ್ಯಾಂಕು, ವಿಮೆ, ಷೇರು ಎಲ್ಲವನ್ನೂ ಒಂದೇ ಚಪ್ಪರದಡಿ ತಂದುದು ಅದರ ಹೆಚ್ಚಳ. ಆದರೆ ಶಿಬಿರಕ್ಕೆ ಬರುವವನು ತನಗೆ ಏನೋ ಬರಬೇಕಾಗಿದೆ ಎಂದು ಮೊದಲೇ ಬಲ್ಲವನು. ಬಲ್ಲದವನ ಬಾಗಿಲಿಗೆ ಹೋಗುವುದು ಹೇಗೆ? ಹೆಸರುಗಳನ್ನು ಊರುವಾರು ಬೇರ್ಪಡಿಸಿ, ಕನ್ನಡದಲ್ಲಿ ಬರೆದು, ಮೊತ್ತವನ್ನು ಕಾಣಿಸದೆ ಗ್ರಾಮಪಂಚಾಯತಿಯ ಹಲಗೆಯ ಮೇಲೆ ಅಂಟಿಸಬೇಕೆಂದು ನನ್ನ ವಿಚಾರ. ಮೋಸಗಾರರಿಗೆ ಇದರಿಂದ ದಾರಿಯಾದೀತೆಂಬ ಆಕ್ಷೇಪ ಬರಬಹುದು. ಬ್ಯಾಂಕುಗಳು ಇಂಥ ಖಾತೆದಾರರ ಹೆಸರು ವಿಳಾಸಗಳನ್ನು ತಮ್ಮ ಜಾಲತಾಣಗಳಲ್ಲಿ ಪ್ರಕಟಿಸಬೇಕೆಂಬ ನಿಯಮ 2012ರಿಂದಲೇ ಇದೆ. ಮೋಸಗಾರ ಅದನ್ನು ಓದಬಲ್ಲ, ಓದಲಾರದವನು ವಾರಸುದಾರನೊಬ್ಬನೇ. ಹಳ್ಳಿಯ ಹಲಗೆಯ ಮುಂದಾದರೋ ‘ಈಕೆ ನಮ್ಮ ಓಣಿಯ ನೀಲವ್ವ’ ಎನ್ನುವ ನಾಲ್ಕು ಜನ ಸಾಕ್ಷಿಗಳು ನಿಂತಿರುತ್ತಾರೆ.

ಕೇಳುವ ವಿಧಾನವಂತೂ ಈಗ ಮೊದಲಿಗಿಂತ ಸುಲಭವಾಗಿದೆ. ರಿಸರ್ವ್ ಬ್ಯಾಂಕಿನ 2025ರ ಸೆಪ್ಟೆಂಬರ್ ತಿಂಗಳ ನಿರ್ದೇಶನಗಳ ಪ್ರಕಾರ, ತೀರಿಕೊಂಡವರು ಯಾರ ಹೆಸರನ್ನೂ ಸೂಚಿಸದೆ ಹೋಗಿದ್ದರೂ 15 ಲಕ್ಷ ರೂಪಾಯಿಗಳವರೆಗೆ (ಸಹಕಾರಿ ಬ್ಯಾಂಕುಗಳಲ್ಲಿ 5 ಲಕ್ಷದವರೆಗೆ), ತಂಟೆತಕರಾರಿಲ್ಲದಿದ್ದರೆ, ಕೋರ್ಟಿನ ಉತ್ತರಾಧಿಕಾರ ಪತ್ರವನ್ನು ಕೇಳುವಂತಿಲ್ಲ. ಕಾಗದಗಳೆಲ್ಲ ಕೈಸೇರಿದ 15 ದಿನಗಳೊಳಗೆ ಇತ್ಯರ್ಥ ಮಾಡದಿದ್ದರೆ ಬ್ಯಾಂಕೇ ವಿಳಂಬಕ್ಕೆ ಪರಿಹಾರ ತೆರಬೇಕು. ಈ ನಿಯಮದ ಪ್ರತಿಯೊಂದನ್ನು ಜೇಬಿನಲ್ಲಿಟ್ಟುಕೊಂಡು ಹೋದರೆ ಮೇಜಿನಾಚೆಗಿನವರ ಧ್ವನಿ ಕೊಂಚ ಮೃದುವಾಗುವುದುಂಟು. ಫೋನು ಮಾಡಿ ‘ನಿಮ್ಮ ಹಣ ಬಿಡಿಸಿಕೊಡುತ್ತೇವೆ, ನೂರಕ್ಕಿಷ್ಟು ಕೊಡಿ’ ಎನ್ನುವ ದಲ್ಲಾಳಿಗಳನ್ನು ನಂಬಬೇಕಾಗಿಲ್ಲ. ಬ್ಯಾಂಕಿನ ಹೊರತು ಯಾರೂ ಕೊಡಲಾರರು.

ಹೆಸರು ಸೂಚಿಸುವ ವಿಷಯದಲ್ಲಿ ನಮ್ಮ ಹಿರಿಯರು ನಮಗಿಂತ ಜಾಗರೂಕರಾಗಿದ್ದರೆಂದು ತೋರುತ್ತದೆ. ಬಾದಾಮಿಯ ಮೂರನೆಯ ಗುಹೆಯಲ್ಲಿ ಮಂಗಲೇಶನ ಕಾಲದ ಕನ್ನಡ ಶಾಸನವೊಂದಿದೆ. ಅಲ್ಲಿಯ ಸಂಸ್ಕೃತ ಶಾಸನ ಕ್ರಿ.ಶ. 578ರದು. ಲಂಜಿಗೇಸರವೆಂಬ ಊರನ್ನು ಕಲ್ಮನೆಗೆ ಕೊಟ್ಟುದನ್ನು ಹೇಳುವಾಗ ಕನ್ನಡ ಶಾಸನ, ದೇವರಿಗೆ ಹೂಮಾಲೆ ಕಟ್ಟುವ ಮಾಲೆಗಾರರ ಪಾಲನ್ನೂ ಮರೆಯದೆ ಕೆತ್ತಿಸಿದೆ. ಕೆಡಿಸಿದವನಿಗೆ ಪಾತಕವನ್ನೂ ಹೇಳಿದೆ. ಕೊಟ್ಟವನ ಹೆಸರಷ್ಟೇ ಸಾಲದು, ಪಡೆಯತಕ್ಕವನಾರೆಂಬುದೂ ಕಲ್ಲಿನ ಮೇಲೆ ಬರಬೇಕೆಂಬ ಎಚ್ಚರ ಅದು. ನಾವು ಬ್ಯಾಂಕಿನ ಅರ್ಜಿಯಲ್ಲಿ ಆ ಒಂದು ಕಲಮನ್ನು ಖಾಲಿ ಬಿಡುತ್ತೇವೆ. ಸಾವಿನ ಮಾತು ಅಪಶಕುನವೆಂದು. 2025ರ ನವೆಂಬರ್ 1ರಿಂದ ಒಬ್ಬರಲ್ಲ, ನಾಲ್ವರವರೆಗೆ ಹೆಸರು ಬರೆಸಬಹುದು. ಹೆಸರು ಬರೆಸಿಕೊಂಡವನೇ ಹಣದ ಒಡೆಯನಲ್ಲ, ಉಳಿದ ವಾರಸುದಾರರ ಪರವಾಗಿ ಪಡೆಯುವವನು ಮಾತ್ರ ಎಂಬುದನ್ನೂ ಸೇರಿಸಿ ಹೇಳಬೇಕು. ಅಣ್ಣಂದಿರು ಇದನ್ನು ತಂಗಿಯರಿಗೆ ತಿಳಿಸುವುದು ಅಪರೂಪ.

ಇದೆಲ್ಲ ನಾಲ್ಕು ಸಾವಿರದ ಮಾತಾಯಿತು. ನಮ್ಮ ಜಿಲ್ಲೆಯ ಮುಂದೆ ಈಗ ಬಂದು ನಿಂತಿರುವುದು ಲಕ್ಷಗಳ ಮಾತು. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಬಹುಭಾಗವನ್ನು ಒಪ್ಪಿಸಿ ನವನಗರಕ್ಕೆ ಬಂದವರು ನಾವು. ಭೂಸ್ವಾಧೀನದ ಹಣಕ್ಕೆ ಒಡೆತನದ ಬಗ್ಗೆಯೋ ಪಾಲಿನ ಬಗ್ಗೆಯೋ ತಕರಾರು ಬಂದರೆ ಅದನ್ನು ನ್ಯಾಯಾಲಯದಲ್ಲಿ ಇರಿಸಬೇಕೆಂದು 1894ರ ಕಾಯದೆಯ 31ನೆಯ ಕಲಮು ವಿಧಿಸಿತ್ತು. ಅಣ್ಣತಮ್ಮಂದಿರ ಜಗಳ ಹೀಗೆ ಕೋರ್ಟಿನ ಕಪಾಟು ಸೇರಿತೆಂದರೆ ತಲೆಮಾರು ಕಳೆಯುವುದು ತಡವಲ್ಲ. ಈಗ ಜಲಾಶಯವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸುವ ಮೂರನೆಯ ಹಂತಕ್ಕಾಗಿ, ಮುಳುಗಲಿರುವ ಭೂಮಿಗೆ ಎಕರೆಗೆ ನೀರಾವರಿಯದಾದರೆ 40 ಲಕ್ಷ, ಒಣ ಬೇಸಾಯದ್ದಾದರೆ 30 ಲಕ್ಷ ರೂಪಾಯಿ ಕೊಡುವುದೆಂದು ರಾಜ್ಯದ ಮಂತ್ರಿಮಂಡಲ 2025ರ ಸೆಪ್ಟೆಂಬರಿನಲ್ಲಿ ನಿರ್ಣಯಿಸಿತು. ಮುಳುಗುವ ಭೂಮಿ ಸುಮಾರು 75 ಸಾವಿರ ಎಕರೆ. ದರ ಸಾಲದೆಂದು ಸಾಕೆಂದು ಚರ್ಚೆ ಬಹಳ ನಡೆದಿದೆ. ಯಾರ ಹೆಸರಿಗೆ ಎಂಬ ಚರ್ಚೆ ಕೇಳಿಬಂದಿಲ್ಲ.

ನಮ್ಮ ಉತಾರಗಳಲ್ಲಿ ಇಂದಿಗೂ ಅಜ್ಜ ಮುತ್ತಜ್ಜರು ಬದುಕಿದ್ದಾರೆ. ಹೊಲ ಹಂಚಿಕೊಂಡು ಉಳುತ್ತಿರುವವರು ಮೊಮ್ಮಕ್ಕಳು. ವಾರಸಾ ವರದಿ ಕೊಟ್ಟವರಿಲ್ಲ, ಕೊಟ್ಟರೆ ಕೊಟ್ಟ ಮನೆಯ ಹೆಣ್ಣುಮಕ್ಕಳಿಗೂ 2005ರ ತಿದ್ದುಪಡಿಯಂತೆ ಪಾಲು ಬರೆಯಬೇಕಾಗುತ್ತದೆಂಬ ಅಂಜಿಕೆ ಬೇರೆ. ಪರಿಹಾರದ ಪತ್ರ ಸತ್ತವರ ಹೆಸರಿಗೆ ಬಂದ ದಿನ ಈ ಅಂಜಿಕೆ ಜಗಳವಾಗುವುದು, ಜಗಳ ಠೇವಣಿಯಾಗುವುದು ಖಂಡಿತ. ಕಂದಾಯ ಇಲಾಖೆ 2025ರಲ್ಲಿ ಇ-ಪೌತಿ ಎಂಬ ಆಂದೋಲನವನ್ನು ಹೂಡಿದೆ. ಮೃತರ ಹೆಸರಿನ ಭೂಮಿಯನ್ನು ವಾರಸುದಾರರ ಹೆಸರಿಗೆ ತರುವುದು ಅದರ ಉದ್ದೇಶ. ಆ ಕೆಲಸವನ್ನು ರಾಜ್ಯದಲ್ಲೆಲ್ಲ ಒಂದೇ ಸಮನೆ ನಡೆಸುವುದಕ್ಕಿಂತ ಹಿನ್ನೀರಿನ ಹಳ್ಳಿಗಳಲ್ಲಿ ಮೊದಲು ಮುಗಿಸುವುದು ವಿಹಿತ. ಗೋವೆಗೆ ಹೋದವರು ಊರಿಗೆ ಬರುವುದು ಜಾತ್ರೆಗೆ, ಹಬ್ಬಕ್ಕೆ. ತಲಾಟಿಯವರು ಅಂದು ಚಾವಡಿಯ ಕಟ್ಟೆಯ ಮೇಲೆ ಕುಳಿತರೆ, ತವರಿಗೆ ಬಂದ ಹೆಣ್ಣುಮಕ್ಕಳ ಸಹಿಯೂ ಅಲ್ಲಿಯೇ ಆದೀತು.