ಬೀಟೆಯ ಗಿಟಾರು, ಸೋರೆಯ ಬುರುಡೆ

ಹಳೆಯದನ್ನು ಎಸೆದು ಹೊಸದನ್ನು ಕೊಳ್ಳುವುದೇ ಪ್ರಗತಿಯೆಂಬ ಭ್ರಮೆ ಮಲೆನಾಡಿನ ಮನೆಗಳೊಳಗೂ ಬಂದು ಕುಳಿತಿದೆ. ಮಳೆಗಾಲದ ತೇವಕ್ಕೆ ಅಂಟು ಬಿಟ್ಟು, ಮೇಲುಹಲಗೆ ಕುಸಿದು ಅಟ್ಟ ಸೇರುವ ಗಿಟಾರು ಇದರ ಒಂದು ಸಣ್ಣ ನಿದರ್ಶನ. ವಿಷಯ ಕ್ಷುಲ್ಲಕವೆಂದು ತೋರಬಹುದು. ಆದರೆ ಆ ವಾದ್ಯದ ಹಿಂದಿರುವ ಮರದ ಕಥೆ ಕ್ಷುಲ್ಲಕವಲ್ಲ.

ಉತ್ತಮ ದರ್ಜೆಯ ಶಾಸ್ತ್ರೀಯ ಗಿಟಾರಿನ ಬೆನ್ನು ಮತ್ತು ಪಕ್ಕದ ಹಲಗೆಗಳಿಗೆ ಜಗತ್ತಿನಾದ್ಯಂತ ಬಳಸುವ ಮರಗಳಲ್ಲಿ ಪಶ್ಚಿಮ ಘಟ್ಟದ ಬೀಟೆಯೂ ಒಂದು. ಬೇಳೆಕಾಳಿನ ಕುಟುಂಬಕ್ಕೆ ಸೇರಿದ ಈ ಮರ ಬೇರಿನ ಗಂಟುಗಳ ಮೂಲಕ ಮಣ್ಣಿಗೆ ಸಾರಜನಕ ಕೊಡುತ್ತದೆ; ಆದರೆ ಬೆಳೆಯುವುದು ಬಹಳ ನಿಧಾನ. ಅಜ್ಜ ನೆಟ್ಟ ಸಸಿ ಮೊಮ್ಮಗನ ಕಾಲಕ್ಕೆ ಮರವಾದರೆ ಅದೇ ಭಾಗ್ಯ. 2017ರ ಜನವರಿ 2ರಿಂದ ಬೀಟೆಯೂ ಅದರ ದಾಯಾದಿ ಮರಗಳೂ 'ಸೈಟ್ಸ್' ಅಂತಾರಾಷ್ಟ್ರೀಯ ಒಪ್ಪಂದದ ನಿಯಂತ್ರಣಕ್ಕೆ ಒಳಪಟ್ಟವು. 2019ರಲ್ಲಿ ನಡೆದ ಸದಸ್ಯ ರಾಷ್ಟ್ರಗಳ ಸಭೆ ಸಿದ್ಧ ವಾದ್ಯಗಳಿಗೆ ವಿನಾಯಿತಿ ನೀಡಿತು. ವಾದ್ಯಕ್ಕೆ ವಿನಾಯಿತಿ ದೊರೆತ ಮಾತ್ರಕ್ಕೆ ಮರ ಬೆಳೆಯುವ ವೇಗವೇನೂ ಹೆಚ್ಚಲಿಲ್ಲ.

ಹೀಗಿರುವಾಗ, ಜೀರ್ಣವಾದ ಗಿಟಾರನ್ನು 'ರೆಸೊನೇಟರ್' ವಾದ್ಯವನ್ನಾಗಿ ಮಾರ್ಪಡಿಸುವ ಕೌಶಲ ಗಮನಾರ್ಹವಾದುದು. ವಿದ್ಯುತ್ ಧ್ವನಿವರ್ಧಕ ಬಳಕೆಗೆ ಬರುವ ಮುನ್ನ, 1920ರ ದಶಕದಲ್ಲಿ, ಲಾಸ್ ಏಂಜಲೀಸಿನ ಜಾನ್ ಡೋಪ್ಯೇರಾ ಎಂಬ ಕುಶಲಕರ್ಮಿ ಗಿಟಾರಿನ ದನಿ ಹೆಚ್ಚಿಸಲು ತೆಳು ಅಲ್ಯೂಮಿನಿಯಂ ತಗಡಿನ ಶಂಕುವನ್ನು ಅದರ ಒಡಲಲ್ಲಿ ಕೂರಿಸಿದ. ತಂತಿಯ ಕಂಪನ ಕುದುರೆಯ ಮೂಲಕ ಈ ಶಂಕುವಿಗೆ ಇಳಿಯುತ್ತದೆ. ರೇಡಿಯೋದ ಸ್ಪೀಕರಿನ ಕಾಗದದಂತೆ ಶಂಕು ಗಾಳಿಯನ್ನು ನೂಕುತ್ತದೆ. ಸಾಧಾರಣ ಗಿಟಾರಿನಲ್ಲಿ ನಾದಕ್ಕೆ ಮೇಲುಹಲಗೆಯೇ ಜೀವಾಳ. ಇಲ್ಲಿ ಆ ಕೆಲಸ ಶಂಕುವಿನದು. ಆದುದರಿಂದಲೇ ಮೇಲುಹಲಗೆ ಸೀಳಿದ ಗಿಟಾರೂ ಈ ರೂಪದಲ್ಲಿ ಮತ್ತೆ ಹಾಡಬಲ್ಲದು.

ವಿಧಾನ ತಿಳಿದ ಬಡಗಿಗೆ ಇದು ಅಸಾಧ್ಯವೇನಲ್ಲ. ಅಂಟಿಸಿದ ಹಳೆಯ ಕುದುರೆಯನ್ನು ತೆಗೆದು, ಮೇಲುಹಲಗೆಯ ಅಗಲ ಭಾಗದಲ್ಲಿ ಸುಮಾರು 24 ಸೆಂಟಿಮೀಟರಿನ ಶಂಕು ಇಳಿಯುವಷ್ಟು ವೃತ್ತ ಕತ್ತರಿಸಬೇಕು. ಶಂಕುವಿನ ಅಂಚು ಕೂರಲು ಒಳಗೆ ಮರದ ಬಳೆಯನ್ನಿಟ್ಟು, ಅದಕ್ಕೆ ಬೆನ್ನಹಲಗೆಯಿಂದ ಊರುಗಂಬ ಕೊಡಬೇಕು. ಶಂಕುವಿನ ನಡುವೆ ಬಿಲ್ಲೆಯಾಕಾರದ ಮರದ ತುಂಡು, ಅದರ ಮೇಲೆ ಹೊಸ ಕುದುರೆ. ತಂತಿಗಳ ತುದಿಯನ್ನು ವಾದ್ಯದ ಬುಡಕ್ಕೆ ಬಿಗಿಯಬೇಕು. ಒಂದು ಎಚ್ಚರಿಕೆ ಅಗತ್ಯ: ನೈಲಾನ್ ತಂತಿಗಳ ಒಟ್ಟು ಎಳೆತ ಸುಮಾರು 40 ಕಿಲೋ, ಉಕ್ಕಿನ ತಂತಿಗಳದ್ದು 70 ಕಿಲೋ ದಾಟಬಹುದು. ಶಾಸ್ತ್ರೀಯ ಗಿಟಾರಿನ ಕತ್ತಿನೊಳಗೆ ಸಾಮಾನ್ಯವಾಗಿ ಉಕ್ಕಿನ ಸರಳು ಇರುವುದಿಲ್ಲ. ಭಾರಕ್ಕೆ ಅದು ಬಾಗುತ್ತದೆ. ನೈಲಾನನ್ನೇ ಉಳಿಸಿಕೊಳ್ಳುವುದು, ಇಲ್ಲವೇ ಅತಿ ತೆಳುವಾದ ಉಕ್ಕಿನ ತಂತಿಯನ್ನು ತಗ್ಗಿನ ಶ್ರುತಿಯಲ್ಲಿ ಕಟ್ಟುವುದು ಕ್ಷೇಮ. ಒಮ್ಮೆ ಕತ್ತರಿಸಿದ ಹಲಗೆ ಮರಳಿ ಕೂಡುವುದಿಲ್ಲವಾದ್ದರಿಂದ, ದುರಸ್ತಿಗೆ ಒಗ್ಗುವ ವಾದ್ಯಕ್ಕೆ ಉಳಿ ಹಾಕಲಾಗದು.

ಈ ತತ್ತ್ವ ಕನ್ನಡನಾಡಿಗೆ ಹೊಸತೂ ಅಲ್ಲ. ಕೃಷ್ಣೆ ಮತ್ತು ಮಲಪ್ರಭೆ ಕೂಡುವ ಕೂಡಲಸಂಗಮದ ದೇವನನ್ನು ಅಂಕಿತವಾಗಿಸಿಕೊಂಡ ಬಸವಣ್ಣನವರು ಹನ್ನೆರಡನೆಯ ಶತಮಾನದಲ್ಲಿ ತಮ್ಮ ದೇಹವನ್ನೇ ವಾದ್ಯವಾಗಿಸೆಂದು ಬೇಡಿಕೊಂಡರು. ಆ ವಚನದಲ್ಲಿ ಮೈ ದಂಡಿಗೆಯಾದರೆ ತಲೆ ಸೋರೆ. ಅಂದಿನ ಜನರಿಗೆ ನಾದದ ನೆಲೆ ಸೋರೆಯ ಬುರುಡೆಯೆಂಬುದು ವಿವರಿಸಬೇಕಾದ ಸಂಗತಿಯಾಗಿರಲಿಲ್ಲ. ಸೋರೆ ಬಿತ್ತಿದ ವರ್ಷವೇ ಕಾಯಿ ಬಿಡುವ ಬಳ್ಳಿ. ಬಲಿತು ಒಣಗಿದರೆ ಅದರ ಸಿಪ್ಪೆ ಮರದಂತೆ ಗಟ್ಟಿ. ತಂಬೂರಿ, ಸಿತಾರುಗಳ ಬುರುಡೆಗೆ ಇಂದಿಗೂ ಇದನ್ನು ಬಳಸುವುದುಂಟು. ಬುರುಡೆಯೊಳಗಿನ ಗಾಳಿ ನಾದವನ್ನು ತುಂಬುತ್ತದೆ, ಲೋಹದ ಶಂಕು ತಾನೇ ಅದುರಿ ನಾದವನ್ನು ಹೊರಚೆಲ್ಲುತ್ತದೆ; ಭೇದ ಇಷ್ಟೇ. ಕೈಗೆ ಸಿಕ್ಕಿದ್ದರಲ್ಲಿ ದನಿ ಹುಡುಕುವ ವಿವೇಕ ಎರಡರಲ್ಲೂ ಒಂದೇ.

ಒಂದು ಗಿಟಾರು ಉಳಿದರೆ ಕಾಡು ಉಳಿಯುವುದೇ ಎಂಬ ಆಕ್ಷೇಪ ಸಹಜ. ಅಗ್ಗದ ಗಿಟಾರುಗಳು ಪ್ಲೈವುಡ್ಡಿನವು, ಅವುಗಳಲ್ಲಿ ಬೀಟೆಯೇ ಇರುವುದಿಲ್ಲವೆಂಬುದೂ ನಿಜ. ಅಲ್ಯೂಮಿನಿಯಂ ಕೂಡ ಬೆಟ್ಟ ಅಗೆದೇ ಬರುವ ಲೋಹ. ಆದರೆ ಗುಜರಿ ಅಲ್ಯೂಮಿನಿಯಮನ್ನು ಕರಗಿಸಿ ಮರುಬಳಸಲು ಅದಿರಿನಿಂದ ತೆಗೆಯುವಾಗಿನ ಶಕ್ತಿಯ ಇಪ್ಪತ್ತರಲ್ಲಿ ಒಂದು ಪಾಲು ಸಾಕು. ಹಳೆಯ ತೆಳು ಪಾತ್ರೆಯ ತಗಡನ್ನೇ ಶಂಕುವಾಗಿ ಪ್ರಯೋಗಿಸಲೂ ಅಡ್ಡಿಯಿಲ್ಲ. ಇಲ್ಲಿ ಉಳಿಯಬೇಕಾದುದು ಒಂದು ಹಲಗೆಗಿಂತ ಹೆಚ್ಚಾಗಿ ಒಂದು ಮನೋಧರ್ಮ. ಮುರಿದುದನ್ನು ಕೂಡಿಸಬಲ್ಲವನಿಗೆ ಕಡಿಯುವ ಮುನ್ನ ಯೋಚಿಸುವ ಅಭ್ಯಾಸವೂ ಬರುತ್ತದೆ.

ಊರಿನ ಬಡಗಿಯ ಕೈಚಳಕ ಮತ್ತು ವಿದ್ಯಾರ್ಥಿಯ ಭೌತಶಾಸ್ತ್ರ ಒಂದೆಡೆ ಕಲೆತರೆ ಈ ಕೆಲಸ ಶಾಲೆಯ ಜಗುಲಿಯಲ್ಲೇ ನಡೆದೀತು. ಅಟ್ಟದ ಗಿಟಾರು ಕೆಳಗಿಳಿಯಲಿ, ಹಿತ್ತಲಿನ ಚಪ್ಪರಕ್ಕೆ ಸೋರೆ ಹಬ್ಬಲಿ, ಬೆಟ್ಟದ ಬೀಟೆ ಬೆಟ್ಟದಲ್ಲೇ ನಿಲ್ಲಲಿ.